ಚೆನ್‌ಜಿಯಾಗೋವ್‌ನಲ್ಲಿ ತೈ ಚಿ ಕಲಿಕೆ: ನೋಟ್‌ಬುಕ್ ಇಟ್ಟುಕೊಂಡ ಅನುಭವ

ಚೀನಾದ ಚೆನ್‌ಜಿಯಾಗೋವ್ ಹಳ್ಳಿಯಲ್ಲಿ ತೈ ಚಿ ಎಂಬ ಸಮರಕಲೆ ಕಲಿತು ಹೋದ ತಿಂಗಳಷ್ಟೇ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಹೋಗುವ ಮೊದಲು ವೀಸಾ, ಊಟ, ಖರ್ಚಿನ ಬಗ್ಗೆ ಅವರಿವರನ್ನು ಕೇಳಿದಾಗ ಅಷ್ಟಿಷ್ಟು ಮಾಹಿತಿ ಸಿಕ್ಕಿತು. ಆದರೆ ದಿನವೂ ಕಲಿತದ್ದನ್ನು ಹೇಗೆ ಬರೆದಿಟ್ಟುಕೊಳ್ಳಬೇಕು ಎಂದು ಯಾರೂ ಹೇಳಲಿಲ್ಲ. ಅಲ್ಲಿ ನನ್ನನ್ನು ಜಾಸ್ತಿ ಸತಾಯಿಸಿದ್ದು ಆ ನೋಟ್‌ಬುಕ್‌ಗಳೇ. ಈಗ ಜಾಸ್ತಿ ಕೆಲಸಕ್ಕೆ ಬರುತ್ತಿರುವುದೂ ಅವೇ. ವಿಂಗ್ ಚುನ್ ಇರಲಿ, ಶಾವೊಲಿನ್ ಇರಲಿ, ಚೀನೀ ಸಮರಕಲೆ ಕಲಿಯುವ ಯಾರಿಗಾದರೂ ಒಂದಷ್ಟು ಉಪಯೋಗ ಆದೀತು ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಊರಿನ ಬಗ್ಗೆ ಎರಡು ಮಾತು. ಚೆನ್‌ಜಿಯಾಗೋವ್ ಇರುವುದು ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿ, ಹಳದಿ ನದಿಯ ಉತ್ತರಕ್ಕೆ. 17ನೇ ಶತಮಾನದಲ್ಲಿ ಚೆನ್ ವಾಂಗ್‌ಟಿಂಗ್ ಎಂಬುವರು ಇಲ್ಲಿ ಕಟ್ಟಿದ ಪದ್ಧತಿಯೇ ತೈ ಚಿಯ ಮೂಲ ಎಂದು ಊರಿನವರು ಹೇಳುತ್ತಾರೆ, ಬಹಳಷ್ಟು ಇತಿಹಾಸಕಾರರೂ ಒಪ್ಪುತ್ತಾರೆ. ಯಾಂಗ್ ಶೈಲಿಯನ್ನು ಆರಂಭಿಸಿದ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಕಲಿತದ್ದು ಇದೇ ಊರಿನ ಚೆನ್ ಚಾಂಗ್‌ಶಿಂಗ್ ಅವರ ಹತ್ತಿರ. ಅವರು ಕಲಿತ ಜಾಗವನ್ನು ಈಗಲೂ ತೋರಿಸುತ್ತಾರೆ. 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ತೈ ಚಿಯನ್ನು ಸೇರಿಸಿತು. ಊರಲ್ಲಿ ಸಣ್ಣವು ದೊಡ್ಡವು ಸೇರಿ ಬೇಕಾದಷ್ಟು ಶಾಲೆಗಳಿವೆ.

ಬೆಂಗಳೂರಿನಲ್ಲಿ ನಾನು ಕೆಲವು ವರ್ಷ ಪಾರ್ಕಿನ ಗುಂಪಿನ ಜೊತೆ 24 ಭಂಗಿಗಳ ಸರಣಿ ಮಾಡುತ್ತಿದ್ದೆ. ಅದು 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಇಲಾಖೆ ಯಾಂಗ್ ಶೈಲಿಯನ್ನು ಚಿಕ್ಕದು ಮಾಡಿ ತಂದ ಸರಣಿ. ಈ ಊರಿನ ಚೆನ್ ಶೈಲಿಯ ಮೂಲ ಸರಣಿ ಲಾವ್‌ಜಿಯಾ ಯಿಲು ಬೇರೆ. ಎಣಿಸುವ ರೀತಿ ನೋಡಿಕೊಂಡು 74 ಅಥವಾ 75 ಭಂಗಿಗಳು. ನಿಧಾನವಾಗಿ ಹೋಗುತ್ತಾ ಹೋಗುತ್ತಾ ನಡುವೆ ಫಟ್ ಎಂದು ಬಲ ಹೊಮ್ಮುತ್ತದೆ. ಅದನ್ನು ಅದರ ಊರಿನಲ್ಲೇ ಕೂತು ಕಲಿಯಬೇಕು ಎಂಬ ಆಸೆ ಬಹಳ ದಿನದಿಂದ ಇತ್ತು. ಕೆಲಸದಿಂದ ದೀರ್ಘ ರಜೆ ಸಿಕ್ಕಿತು, ಹೊರಟೆ.

ಮೊದಲ ಕಾಯುವಿಕೆ ವೀಸಾದ್ದು. 180 ದಿನದ ಒಳಗಿನ ಕಲಿಕೆಗೆ ಎಕ್ಸ್2 ವೀಸಾ, ಅದಕ್ಕಿಂತ ಜಾಸ್ತಿ ಇದ್ದರೆ ಎಕ್ಸ್1. ಕರ್ನಾಟಕದವರ ಅರ್ಜಿ ಮುಂಬೈನ ಚೀನೀ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ಪಾಸ್‌ಪೋರ್ಟ್ ಮುಂಬೈಗೆ ಹೋಗಿಬರಬೇಕು. ನಾನು ಏಜೆಂಟ್ ಮೂಲಕ ಕಳಿಸಿದೆ. ಫೋಟೊ 33 ಮಿಲಿಮೀಟರ್ ಅಗಲ, 48 ಮಿಲಿಮೀಟರ್ ಉದ್ದ, ಹಿನ್ನೆಲೆ ಬಿಳಿ. ನಮ್ಮ ಸ್ಟುಡಿಯೋದವರು ಸುಮ್ನೆ ಪಾಸ್‌ಪೋರ್ಟ್ ಸೈಜ್ ಎಂದು ತೆಗೆದುಬಿಡುತ್ತಾರೆ, ಅಳತೆ ಹೇಳಿ ತೆಗೆಸಿಕೊಳ್ಳಿ. ತಡ ಆಗಿದ್ದು ಶಾಲೆಯ ಪ್ರವೇಶ ಪತ್ರದಿಂದ. ಅವರು ಕಳಿಸಿದ ಮೊದಲ ಪತ್ರದಲ್ಲಿ ಸಹಿ ಇತ್ತು, ಗುಂಡನೆಯ ಕೆಂಪು ಮೊಹರು ಇರಲಿಲ್ಲ. ಚೀನಾದಲ್ಲಿ ಸಹಿಗಿಂತ ಆ ಮೊಹರಿಗೇ ಬೆಲೆ. ಏಜೆಂಟ್ ಅದನ್ನು ವಾಪಸ್ ಮಾಡಿದರು. ಹೊಸ ಪತ್ರ ಬರುವ ಹೊತ್ತಿಗೆ ಅಲ್ಲಿ ರಜೆ ಶುರುವಾಗಿ ವಾರಗಟ್ಟಲೆ ಉತ್ತರವೇ ಇಲ್ಲ. ಟಿಕೆಟ್ ಮಾಡಿಸದೆ ಕಾದಿದ್ದಕ್ಕೆ ದುಡ್ಡಾದರೂ ಉಳಿಯಿತು. ನೀವು ಪತ್ರ ಕೇಳುವಾಗಲೇ ಕೆಂಪು ಮೊಹರು, ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಹೆಸರು, ಶುರುವಾಗುವ ದಿನ, ಮುಗಿಯುವ ದಿನ, ಇಷ್ಟು ಇರಲೇಬೇಕು ಎಂದು ಹೇಳಿಬಿಡಿ.

ಮುಂಗಡ ಹಣ ಕಳಿಸುವುದೂ ಒಂದು ಪಾಡು. ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್, ಪಾನ್ ಕಾರ್ಡ್, ಪ್ರವೇಶ ಪತ್ರ, ಬಿಲ್ ಕೇಳಿದರು. ಪತ್ರದಲ್ಲಿ ಇದ್ದ ಶಾಲೆಯ ಹೆಸರಿಗೂ ಬ್ಯಾಂಕ್ ಖಾತೆಯ ಹೆಸರಿಗೂ ಹೊಂದಿಕೆ ಆಗಲಿಲ್ಲ. ಮತ್ತೆ ಒಂದು ಸುತ್ತು ಪತ್ರವ್ಯವಹಾರ. ನನ್ನ ಶಾಲೆಯಲ್ಲಿ ಪಾಠ, ರೂಮು, ಊಟ ಸೇರಿ ತಿಂಗಳಿಗೆ ಸುಮಾರು 5000 ಯುವಾನ್ ಆಯಿತು. ಯುವಾನಿಗೆ 12 ರೂಪಾಯಿ ಲೆಕ್ಕ ಹಾಕಿದರೆ 60,000 ರೂಪಾಯಿ. ಶಾಲೆಯಿಂದ ಶಾಲೆಗೆ ಇದು ತುಂಬಾ ಬದಲಾಗುತ್ತದೆ.

ಬೆಂಗಳೂರಿನಿಂದ ಕ್ವಾಲಾಲಂಪುರ, ಅಲ್ಲಿಂದ ಗ್ವಾಂಗ್‌ಝೌ, ಅಲ್ಲಿಂದ ಹೈಸ್ಪೀಡ್ ರೈಲಿನಲ್ಲಿ ಹೆನಾನ್‌ನ ರಾಜಧಾನಿ ಝೆಂಗ್‌ಝೌ. ಅಲ್ಲಿಗೆ ಶಾಲೆಯವರು ಕಾರು ಕಳಿಸಿದ್ದರು. ತಲುಪಿದ ದಿನವೇ ಪಾಸ್‌ಪೋರ್ಟ್ ತೆಗೆದುಕೊಂಡು ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸಿದರು. ಹೋಟೆಲ್‌ನಲ್ಲಿ ಇಳಿದರೆ ಅವರೇ ಮಾಡುತ್ತಾರೆ. ಬೇರೆ ಕಡೆ ಉಳಿದರೆ 24 ಗಂಟೆಯೊಳಗೆ ನೋಂದಣಿ ಆಗಬೇಕು ಎಂಬುದು ಕಾನೂನು. ಶಾಲೆಯವರು ಮರೆತರೆ ನೀವೇ ನೆನಪಿಸಿ. ಆ ರಸೀದಿಯ ಫೋಟೊ ಫೋನಿನಲ್ಲಿ ಇರಲಿ.

ಇನ್ನು ಫೋನು. ಅಲ್ಲಿ ಗೂಗಲ್, ವಾಟ್ಸಾಪ್ ತೆರೆಯುವುದಿಲ್ಲ. ನಮ್ಮ ಸಿಮ್ಮಿನ ರೋಮಿಂಗ್‌ನಲ್ಲಿ ನಡೆಯುತ್ತದೆ, ಆದರೆ ದುಬಾರಿ. ನಾನು ಬೆಂಗಳೂರಿನಲ್ಲಿ ಅಭ್ಯಾಸದ ಟಿಪ್ಪಣಿಗಳನ್ನೆಲ್ಲ ಫೋನಿನಲ್ಲೇ ಬರೆದು ಗೂಗಲ್‌ನಲ್ಲಿ ಇಡುತ್ತಿದ್ದೆ. ಶಾಲೆಯ ವೈಫೈಗೆ ಹೋದ ಕೂಡಲೇ ಅದೆಲ್ಲ ನಿಂತುಹೋಯಿತು. ಕಾಗದದ ನೋಟ್‌ಬುಕ್ ಹಿಡಿದದ್ದು ಮೊದಲಿಗೆ ಈ ಕಾರಣಕ್ಕೆ. ದುಡ್ಡು ಕೊಡುವುದಕ್ಕೆ ಅಲಿಪೇ ಆ್ಯಪ್ ಸಾಕು, ನಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. 200 ಯುವಾನ್ ದಾಟಿದ ಪ್ರತಿ ಪಾವತಿಗೆ ಶೇ. 3 ಶುಲ್ಕ ಹಿಡಿಯುತ್ತಾರೆ. ಚಿಕ್ಕ ಚಿಕ್ಕದಾಗಿ ಕೊಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿಕೊಂಡೇ ಹೊರಡಿ.

ಪಾಠದ ಕ್ರಮ ಹೀಗಿತ್ತು. ಬೆಳಗಿನ ತಿಂಡಿಗೆ ಮೊದಲು ಝಾನ್ ಝುವಾಂಗ್, ಅಂದರೆ ಮೊಣಕಾಲು ಸ್ವಲ್ಪ ಬಗ್ಗಿಸಿ, ತೋಳು ದುಂಡಗೆ ಹಿಡಿದು ಅಲುಗಾಡದೆ ನಿಲ್ಲುವುದು. ತಿಂಡಿ ಆದಮೇಲೆ ಚಾನ್‌ಸಿ, ಮೈಯನ್ನು ಸುರುಳಿಯಾಗಿ ತಿರುಗಿಸುವ ಅಭ್ಯಾಸ. ಆಮೇಲೆ ಲಾವ್‌ಜಿಯಾ. ಮಧ್ಯಾಹ್ನ ಊರಿಗೆ ಊರೇ ನಿದ್ದೆ ಮಾಡುತ್ತದೆ. ಸಂಜೆಯವರೆಗೆ ಮತ್ತೆ ಲಾವ್‌ಜಿಯಾ, ಕತ್ತಲಾದ ಮೇಲೆ ಕೆಲವು ದಿನ ತುಯಿ ಶೋವ್, ಇಬ್ಬರು ಕೈ ಕೂಡಿಸಿ ಒಬ್ಬರ ತೂಕ ಇನ್ನೊಬ್ಬರು ಅಳೆಯುವ ಆಟ. ತುಯಿ ಶೋವ್ ಇದ್ದ ರಾತ್ರಿ ಮುಂಗೈ ನಡುಗುತ್ತದೆ, ಅಕ್ಷರ ಸೊಟ್ಟಪಟ್ಟ ಬರುತ್ತದೆ. ಆ ದಿನಗಳ ಬರವಣಿಗೆಯನ್ನು ಊಟಕ್ಕೆ ಮೊದಲೇ ಮುಗಿಸುವುದು ಒಳ್ಳೆಯದು.

ಮೊದಲ ದಿನಗಳಲ್ಲಿ ನೋಟ್‌ಬುಕ್ ಜೇಬಿನಲ್ಲಿಟ್ಟುಕೊಂಡೇ ಅಂಗಳಕ್ಕೆ ಹೋಗುತ್ತಿದ್ದೆ. ಗುರುಗಳು ತೋರಿಸುವುದನ್ನು ಅಲ್ಲೇ ಬರೆದುಕೊಳ್ಳುವ ಯೋಚನೆ. ಅವರು ಒಪ್ಪಲಿಲ್ಲ. "ಮೊದಲು ಮಾಡು. ಪಾಠ ಮುಗಿದ ಮೇಲೆ ಬರಿ," ಅಂದರು. ಸಾವಿರಾರು ಸಲ ಮಾಡುತ್ತಾ ಹೋದರೆ ಅದರ ಒಳಗುಟ್ಟು ತಾನಾಗಿ ತಿಳಿಯುತ್ತದೆ ಎಂಬ ಮಾತು ಈ ಕಲೆಯವರ ಬಾಯಲ್ಲಿ ಸದಾ ಇರುತ್ತದೆ. ಊರಿನ ಹುಡುಗರು ಯಾರೂ ಬರೆಯುವುದಿಲ್ಲ, ನಿಜ. ಆದರೆ ಅವರು ಆರೇಳು ವರ್ಷದ ವಯಸ್ಸಿನಿಂದಲೇ ಶುರುಮಾಡಿದವರು. ಅವರಿಗೆ ಗುರುಗಳು ನಾಳೆಯೂ ಇರುತ್ತಾರೆ, ಬರುವ ವರ್ಷವೂ ಇರುತ್ತಾರೆ. ವೀಸಾ ಮುಗಿದ ಮೇಲೆ ನನಗೆ ಯಾರಿದ್ದಾರೆ? ಈ ಪ್ರಶ್ನೆ ಮೊದಲ ವಾರ ನನ್ನನ್ನು ತುಂಬಾ ಕಾಡಿತು.

ಗುರುಗಳ ಮಾತು ಪಾಲಿಸಿ ಪಾಠ ಮುಗಿದ ಮೇಲೆ ಬರೆಯಲು ಕೂತೆ. ಅಲ್ಲಿ ನಿಜವಾದ ತೊಡಕು ಶುರುವಾಯಿತು. ಭಂಗಿಗಳ ಹೆಸರು ನೆನಪಿತ್ತು: ಜಿನ್‌ಗಾಂಗ್ ದಾವ್‌ದುಯಿ, ಲಾನ್ ಝಾ ಯಿ, ಲ್ಯೂ ಫೆಂಗ್ ಸಿ ಬಿ, ದಾನ್ ಬಿಯೆನ್. ಕೈ ಎಲ್ಲಿಗೆ ಹೋಗಬೇಕು, ಕಾಲು ಎಲ್ಲಿಗೆ ಹೋಗಬೇಕು ಎಂಬುದೂ ನೆನಪಿತ್ತು. ಪುಟಗಟ್ಟಲೆ ಬರೆದೆ. ಮರುದಿನ ಓದಿದರೆ ಅದರಲ್ಲಿ ಇದ್ದದ್ದೆಲ್ಲ ಯಾವ ವಿಡಿಯೊ ನೋಡಿದರೂ ಸಿಗುವಂಥದ್ದು. ಹಿಂದಿನ ದಿನ ನನ್ನ ಮೈಯಲ್ಲಿ ಆದ ಮುಖ್ಯ ಸಂಗತಿ ಮಾತ್ರ ಎಲ್ಲೂ ಇರಲಿಲ್ಲ.

ಆ ಸಂಗತಿ ಯಾವುದು ಎಂದರೆ ನಿಯೆ ಜಿಯಾ. ನಾವು ಭಂಗಿಯಲ್ಲಿ ನಿಂತಾಗ ಗುರುಗಳು ಹತ್ತಿರ ಬಂದು ಕೈಯಿಂದಲೇ ಮೈಯನ್ನು ತಿದ್ದುತ್ತಾರೆ. ಭುಜ ಒತ್ತುತ್ತಾರೆ, ಮೊಣಕೈ ಎಳೆಯುತ್ತಾರೆ, ಬೆನ್ನಿನ ಬುಡಕ್ಕೆ ಅಂಗೈ ಇಟ್ಟು ಕೆಳಗೆ ಇಳಿಸುತ್ತಾರೆ. ಆಗ ತೊಡೆ ಬೆಂಕಿ ಹತ್ತಿದಂತೆ ಉರಿಯುತ್ತದೆ, ಆದರೆ ಇಡೀ ಮೈ ಒಂದೇ ಆಗಿ ನೆಲಕ್ಕೆ ಕೂತ ಅನುಭವವೂ ಆಗುತ್ತದೆ. ಅದು ಇರುವುದು ಒಂದೆರಡು ಉಸಿರಿನಷ್ಟು ಹೊತ್ತು. ಗುರುಗಳು ಮುಂದಿನವರ ಹತ್ತಿರ ಹೋದ ಕೂಡಲೇ ಮೈ ಹಳೆಯ ಜಾಗಕ್ಕೆ ಜಾರುತ್ತದೆ. ಅಷ್ಟು ದೂರ ಹೋಗುವುದು, ಅಷ್ಟು ದುಡ್ಡು ಕೊಡುವುದು ಆ ಒಂದೆರಡು ಉಸಿರಿಗಾಗಿ. ವಿಡಿಯೊ ಮಾಡಿದರೂ ಅದು ಸಿಗುವುದಿಲ್ಲ, ಹೊರಗಿನಿಂದ ನೋಡಿದರೆ ಬೆರಳಷ್ಟು ವ್ಯತ್ಯಾಸವೂ ಕಾಣುವುದಿಲ್ಲ.

ಹಾಗಾಗಿ ಬರೆಯುವ ರೀತಿಯನ್ನೇ ಬದಲಾಯಿಸಿದೆ. ಭಂಗಿಯ ವಿವರಣೆ ನಿಲ್ಲಿಸಿದೆ. ತಿದ್ದಿದ್ದನ್ನು ಮಾತ್ರ ಬರೆದೆ. ಯಾವ ಭಂಗಿ, ಗುರುಗಳ ಕೈ ಮೈಯ ಯಾವ ಜಾಗಕ್ಕೆ ಬಂತು, ಯಾವ ಕಡೆಗೆ ಒತ್ತಿತು, ಒತ್ತಿದ ಮೇಲೆ ಬೇರೆ ಎಲ್ಲಿ ಏನಾಯಿತು. ಈ ಕೊನೆಯದೇ ಮುಖ್ಯ. ಉದಾಹರಣೆಗೆ ಒಂದು ದಿನದ್ದು ಹೀಗಿದೆ: "ಲಾನ್ ಝಾ ಯಿ, ಕೊನೆ. ಬಲ ಭುಜದ ಮೇಲೆ ಎರಡು ಬೆರಳು, ಕೆಳಕ್ಕೆ. ಭುಜ ಇಳಿದಾಗ ಎಡ ತೊಡೆಸಂದು ತಾನಾಗಿ ಮಡಚಿತು. ತೂಕ ಎಡ ಹಿಮ್ಮಡಿಯಿಂದ ಪಾದದ ನಡುವಿಗೆ ಬಂತು." ಇಷ್ಟೇ. ಆದರೆ ಇವತ್ತು ಬೆಂಗಳೂರಿನಲ್ಲಿ ಇದನ್ನು ಓದಿ ನಿಂತರೆ ಆ ಭಂಗಿ ಸಾಕಷ್ಟು ಮಟ್ಟಿಗೆ ವಾಪಸ್ ಬರುತ್ತದೆ.

ಇದನ್ನು ಕನ್ನಡದಲ್ಲೇ ಬರೆಯಿರಿ ಎಂಬುದು ನನ್ನ ಬಲವಾದ ಸಲಹೆ. ಜೊತೆಯಲ್ಲಿದ್ದ ಮಲೇಶಿಯಾದ ಗೆಳತಿ ಗುರುಗಳ ಮಾತನ್ನು ಇಂಗ್ಲಿಷಿಗೆ ತಂದು ಹೇಳುತ್ತಿದ್ದಳು. ಅದನ್ನೇ ಬರೆದುಕೊಂಡರೆ ಪುಸ್ತಕದ ಮಾತಿನಂತೆ ಇರುತ್ತಿತ್ತು. ಮೈಗೆ ತಾಗುತ್ತಿರಲಿಲ್ಲ. ಯುನ್ ಶೋವ್ ಭಂಗಿ ಕಲಿಯುವಾಗ, ತೋಳು ತಾನಾಗಿ ತಿರುಗಬಾರದು, ಸೊಂಟ ತಿರುಗಿಸಿದ್ದರಿಂದ ತಿರುಗಬೇಕು ಎಂದು ಗುರುಗಳು ಮತ್ತೆ ಮತ್ತೆ ಹೇಳಿದರು. ಆ ರಾತ್ರಿ ನಾನು ಬರೆದದ್ದು, "ಅಜ್ಜಿ ಒರಳಲ್ಲಿ ರುಬ್ಬುತ್ತಿದ್ದ ಹಾಗೆ. ಗುಂಡು ಹಿಡಿದದ್ದು ಕೈ, ತಿರುಗುತ್ತಿದ್ದದ್ದು ಸೊಂಟ." ಚಿಕ್ಕಂದಿನಲ್ಲಿ ನಾನೂ ರುಬ್ಬಿದ್ದೇನೆ. ಮರುದಿನ ಬೆಳಿಗ್ಗೆ ಆ ಸಾಲು ಓದಿ ಅಂಗಳಕ್ಕೆ ಹೋದೆ. ಗುರುಗಳು ನೋಡಿ ತಲೆಯಾಡಿಸಿ ಮುಂದೆ ಹೋದರು. ಅವರಿಂದ ಅಷ್ಟು ಸಿಕ್ಕರೆ ದೊಡ್ಡದು. ಅವತ್ತು ಆದ ಸಂತೋಷ ಈಗಲೂ ನೆನಪಿದೆ.

ಭಂಗಿಗಳ ಹೆಸರಿಗೆ ಮಾತ್ರ ಕನ್ನಡ ಲಿಪಿ ಸಾಲದು. ಅಲ್ಲಿ ಸ್ವರದ ಏರಿಳಿತ ತಪ್ಪಿದರೆ ಯಾರಿಗೂ ಅರ್ಥ ಆಗುವುದಿಲ್ಲ. ಗೆಳತಿಯ ಹತ್ತಿರ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಎಲ್ಲ ಹೆಸರುಗಳನ್ನೂ ಚೀನೀ ಅಕ್ಷರದಲ್ಲಿ ಬರೆಸಿಕೊಂಡೆ, ಪಕ್ಕದಲ್ಲಿ ಕನ್ನಡ ಉಚ್ಚಾರ ನಾನು ಬರೆದೆ. ಏನಾದರೂ ಕೇಳಬೇಕಾದಾಗ ಆ ಪುಟ ತೆಗೆದು ಬೆರಳಿಟ್ಟು ತೋರಿಸಿದರೆ ಆಯಿತು. ಇದನ್ನು ಮೊದಲ ವಾರದಲ್ಲೇ ಮಾಡಿಸಿಕೊಳ್ಳಿ. ಅದೇ ಪುಟದಲ್ಲಿ "ನಾನು ಸಸ್ಯಾಹಾರಿ, ಮಾಂಸದ ಸಾರು ಕೂಡ ಬೇಡ" ಎಂದೂ ಬರೆಸಿಕೊಳ್ಳಿ. ಹೆನಾನ್‌ನ ನೂಡಲ್ಸ್‌ನಲ್ಲಿ ಕುರಿ ಮಾಂಸದ ಸಾರು ಬಹಳ ಸಾಮಾನ್ಯ. ನನ್ನ ಹೊಟ್ಟೆ ತುಂಬಿಸಿದ್ದು ಹಬೆಯಲ್ಲಿ ಬೇಯಿಸಿದ ಮಂಟೋವ್ ಬನ್, ಮೊಟ್ಟೆ ಟೊಮೆಟೊ ಪಲ್ಯ, ಮತ್ತೆ ವೆನ್ ಕೌಂಟಿಗೇ ಹೆಸರು ತಂದ ತೆಳ್ಳನೆಯ ಉದ್ದ ಗೆಣಸು. ಅದನ್ನು ಸುಮ್ನೆ ಬೇಯಿಸಿ ಸಕ್ಕರೆ ಅದ್ದಿ ತಿಂದರೂ ರುಚಿ.

ದಿಕ್ಕಿನ ಗೊಂದಲವೂ ಬಹಳ ಇತ್ತು. "ಬಲಕ್ಕೆ ತಿರುಗಿ ಎಡಗಾಲು ಮುಂದೆ" ಎಂದು ಬರೆದರೆ ನಾಲ್ಕು ದಿನ ಬಿಟ್ಟು ಓದುವಾಗ ಯಾವ ಕಡೆ ನಿಂತಿದ್ದೆ ಎಂದೇ ತಿಳಿಯುವುದಿಲ್ಲ. ಕೆಲವು ಹಳೆಯ ಕೈಪಿಡಿಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಶುರು ಎಂದು ಇಟ್ಟುಕೊಂಡು, ಮುಂದಿನದನ್ನೆಲ್ಲ ದಿಕ್ಕಿನ ಹೆಸರಿನಿಂದಲೇ ಹೇಳುವ ಕ್ರಮವಿದೆ. ನಾನೂ ಅದನ್ನೇ ಹಿಡಿದೆ. ಪ್ರತಿ ಚಿತ್ರದ ಮೂಲೆಯಲ್ಲಿ ಪೂರ್ವಕ್ಕೆ ಒಂದು ಬಾಣ. ಚಿತ್ರವೂ ಅಷ್ಟೇ, ಕಡ್ಡಿ ಮನುಷ್ಯನನ್ನು ಯಾವಾಗಲೂ ಹಿಂದಿನಿಂದ ನೋಡಿದ ಹಾಗೆ ಬರೆದರೆ ಎಡ ಬಲ ಅದಲುಬದಲಾಗುವುದಿಲ್ಲ. ಪಾದಗಳಿಗೆ ಬೇರೆ ಚಿತ್ರ, ಮೇಲಿನಿಂದ ನೋಡಿದ ಹಾಗೆ. ತೂಕ ಇರುವ ಪಾದಕ್ಕೆ ಬಣ್ಣ ತುಂಬಿ, ಖಾಲಿ ಪಾದ ಖಾಲಿ ಬಿಡಿ.

ಸಾಮಾನಿನ ಬಗ್ಗೆ: ಜೆಲ್ ಪೆನ್ ಬೇಡವೇ ಬೇಡ. ಬೆವರಿನ ಕೈ ತಾಗಿದರೆ ಸಾಕು, ಒಂದು ಇಡೀ ಪುಟ ನೀಲಿ ಮಸಿಯಾಗುತ್ತದೆ. ಪೆನ್ಸಿಲ್ ಅಥವಾ ಸಾಮಾನ್ಯ ಬಾಲ್ ಪೆನ್ ಸಾಕು. ದಪ್ಪ ನೋಟ್‌ಬುಕ್ಕಿಗಿಂತ ತೆಳ್ಳನೆಯವು ಮೇಲು, ಒಂದು ಕಳೆದರೂ ಉಳಿದವು ಇರುತ್ತವೆ. ವೆನ್ ಕೌಂಟಿ ಪೇಟೆಯ ಅಂಗಡಿಗಳಲ್ಲಿ ಐದಾರು ಯುವಾನಿಗೆ ಒಳ್ಳೆಯ ಹೊಲಿಗೆ ಹಾಕಿದ್ದು ಸಿಗುತ್ತದೆ.

ನನಗೆ ಬಹಳ ಉಪಯೋಗಕ್ಕೆ ಬಂದ ಉಪಾಯ ಎಡ ಪುಟವನ್ನು ಖಾಲಿ ಬಿಡುವುದು. ಬರೆಯುವುದೆಲ್ಲ ಬಲ ಪುಟದಲ್ಲಿ. ಅದೇ ತಿದ್ದುಪಡಿ ವಾರ ಬಿಟ್ಟು ಮತ್ತೆ ಬಂದರೆ ಹೊಸ ಪುಟದಲ್ಲಿ ಬರೆಯದೆ, ಹಳೆಯದರ ಎದುರು ಎಡ ಪುಟದಲ್ಲಿ ತಾರೀಕು ಹಾಕಿ ಒಂದು ಸಾಲು ಸೇರಿಸುವುದು. ಬಲ ಭುಜ ಇಳಿಸುವ ಆ ಟಿಪ್ಪಣಿಯ ಎದುರು ತಾರೀಕುಗಳ ದೊಡ್ಡ ಸಾಲೇ ಆಗಿದೆ. ಮೊದಮೊದಲು ಅದನ್ನು ನೋಡಿ ಬಹಳ ಬೇಜಾರಾಗುತ್ತಿತ್ತು. ಇಷ್ಟು ದಿನವಾದರೂ ಅದೇ ಮಾತು ಕೇಳಬೇಕಲ್ಲ ಎಂದು ಅನ್ನಿಸುತ್ತಿತ್ತು. ಆಮೇಲೆ ಸಾಲುಗಳನ್ನು ಒಟ್ಟಿಗೆ ಓದಿದೆ. ಮೊದಲ ಸಲ "ಭುಜ ಇಳಿಸು" ಎಂದಿತ್ತು. ನಡುವೆ "ಭುಜ ಸರಿ, ಆದರೆ ಮೊಣಕೈ ಹೊರಗೆ" ಎಂದಿತ್ತು. ಕೊನೆಗೆ "ಚಲಿಸುವಾಗ ಸರಿ, ನಿಲ್ಲುವ ಕ್ಷಣದಲ್ಲಿ ಏರುತ್ತದೆ" ಎಂದಿತ್ತು. ಒಂದೇ ತಿದ್ದುಪಡಿ ಅಲ್ಲ ಅದು. ಪ್ರತಿ ಸಲವೂ ಒಂದು ಮೆಟ್ಟಿಲು ಮೇಲಿನದು. ಇದು ಬರೆದಿಡದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ನಡುವೆ ಮೊಣಕಾಲು ನೋವು ಬಂತು. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಚೆನ್ ಶೈಲಿ ಕಲಿಯುವ ಬಹಳ ಜನಕ್ಕೆ ಬರುವ ತೊಂದರೆ ಇದು. ಬಲ ಮೊಣಕಾಲಿನ ಒಳಬದಿ, ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು. ಅಷ್ಟು ಕಷ್ಟಪಟ್ಟು ಬಂದು ಅರ್ಧಕ್ಕೇ ವಾಪಸ್ ಹೋಗಬೇಕಾಗುತ್ತದೇನೋ ಎಂದು ಹೆದರಿದೆ. ರಾತ್ರಿ ನಿದ್ದೆ ಬರಲಿಲ್ಲ. ದಿನವೂ ಪುಟದ ಅಡಿಯಲ್ಲಿ ಮೈ ಹೇಗಿದೆ ಎಂದು ಒಂದು ಸಾಲು ಬರೆಯುತ್ತಿದ್ದೆ. ಹಿಂದಿನ ಪುಟಗಳನ್ನು ತಿರುವಿ ನೋಡಿದಾಗ ನೋವು ಬರೆದ ದಿನಗಳೆಲ್ಲ ಶಿಯೆ ಶಿಂಗ್ ಭಂಗಿಯನ್ನು ತಗ್ಗಾಗಿ ಮಾಡಿದ ದಿನಗಳೇ. ಆ ಪುಟ ಗುರುಗಳಿಗೆ ತೋರಿಸಿದೆ. ಅವರು ನನ್ನಿಂದ ಅದೊಂದೇ ಭಂಗಿ ಮಾಡಿಸಿ ಪಾದದ ಹತ್ತಿರ ಕೂತು ನೋಡಿದರು. ತೂಕ ಬಲಗಾಲಿನ ಮೇಲೆ ಇದ್ದಾಗಲೇ ಪಾದ ತಿರುಗುತ್ತಿತ್ತು, ಆ ತಿರುವಿನ ಪೆಟ್ಟೆಲ್ಲ ಮೊಣಕಾಲಿಗೆ. ಎತ್ತರದ ನಿಲುವಿನಲ್ಲಿ ಮಾಡು, ತೊಡೆಸಂದು ಸಡಿಲ ಬಿಡು, ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಇರಲಿ ಎಂದರು. ಕೆಲವು ದಿನ ಝಾನ್ ಝುವಾಂಗ್ ಮತ್ತು ಚಾನ್‌ಸಿ ಮಾತ್ರ ಮಾಡಿದೆ. ನೋವು ನಿಧಾನವಾಗಿ ಇಳಿಯಿತು. ಊತ ಇದ್ದರೆ ಅಥವಾ ಮೊಣಕಾಲು ಸಿಕ್ಕಿಕೊಂಡ ಹಾಗೆ ಆದರೆ ನೋಟ್‌ಬುಕ್ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಪ್ರಯಾಣ ವಿಮೆ ಮಾಡಿಸುವಾಗ ಕ್ರೀಡೆಯ ಪೆಟ್ಟಿಗೂ ಹಣ ಕೊಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಆ ವಿಶ್ರಾಂತಿಯ ದಿನಗಳಲ್ಲಿ ಊರಿನ ತೈ ಚಿ ವಸ್ತುಸಂಗ್ರಹಾಲಯ, ಚೆನ್ ಮನೆತನದ ಪೂರ್ವಜರ ಭವನ ನೋಡಿದೆ. ನನಗೆ ಅಲ್ಲಿ ಹಿಡಿಸಿದ್ದು ಕತ್ತಿ ಈಟಿಗಳಿಗಿಂತ ಈ ಕಲೆಯವರ ಬರವಣಿಗೆಯ ಕಥೆ. ಚೆನ್ ವಾಂಗ್‌ಟಿಂಗ್ ಈ ಪದ್ಧತಿಯನ್ನು ಕಟ್ಟಿದರು ಎನ್ನಲು ಇತಿಹಾಸಕಾರರು ಮುಖ್ಯವಾಗಿ ಹಿಡಿದದ್ದು ಮನೆತನದ ವಂಶಾವಳಿಯಲ್ಲಿ ಅವರ ಹೆಸರಿನ ಪಕ್ಕ ಯಾರೋ ಬರೆದಿಟ್ಟ ಒಂದು ಚಿಕ್ಕ ಟಿಪ್ಪಣಿಯನ್ನು. ಹೆಬೆ ಪ್ರಾಂತ್ಯದ ಯೊಂಗ್‌ನಿಯಾನ್‌ನ ತೈ ಚಿ ಗುರು ಲಿ ಯಿಯು ತಮಗೆ ಹೊಳೆದದ್ದನ್ನು ಚೀಟಿಯಲ್ಲಿ ಬರೆದು ಕೂರುವ ಜಾಗದ ಹತ್ತಿರ ಅಂಟಿಸುತ್ತಿದ್ದರಂತೆ. ಮಾಡಿ ನೋಡಿ ಸರಿ ಬರದಿದ್ದರೆ ಕಿತ್ತು ಬೇರೆ ಅಂಟಿಸುತ್ತಿದ್ದರಂತೆ. 1881ರ ಹೊತ್ತಿಗೆ ಆ ಬರಹಗಳನ್ನೂ ಹಿಂದಿನವರ ಬರಹಗಳನ್ನೂ ಸೇರಿಸಿ ಕೈಯಾರೆ ಮೂರು ಪ್ರತಿ ಮಾಡಿದರು. ಒಂದು ತಮಗೆ, ಒಂದು ತಮ್ಮನಿಗೆ, ಒಂದು ಶಿಷ್ಯ ಹಾವ್ ವೈಝೆನ್‌ಗೆ. ಚೆನ್‌ಜಿಯಾಗೋವ್‌ನವರೇ ಆದ ಚೆನ್ ಶಿನ್ ತಮ್ಮ ತೈ ಚಿ ಪುಸ್ತಕವನ್ನು 1908ರಲ್ಲಿ ಬರೆಯಲು ಕೂತು 1919ರಲ್ಲಿ ಮುಗಿಸಿದರು. ಮೈಮೇಲೆ ಸುರುಳಿ ಗೆರೆಗಳಿರುವ ಮನುಷ್ಯನ ಚಿತ್ರ ಅವರ ಪುಸ್ತಕದ್ದು. ಅವರು ತೀರಿಕೊಂಡದ್ದು 1929ರಲ್ಲಿ, ಪುಸ್ತಕ ಅಚ್ಚಾದದ್ದು 1933ರಲ್ಲಿ. ಇದೆಲ್ಲ ತಿಳಿದ ಮೇಲೆ ನನಗೆ ಧೈರ್ಯ ಬಂತು. ಬರೆಯುವುದು ಈ ಕಲೆಗೆ ಹೊರಗಿನದಲ್ಲ. ಮಾಡಿ, ಬರೆದು, ಮತ್ತೆ ಮಾಡಿ, ತಿದ್ದಿ ಬರೆದವರಿಂದಲೂ ಅದು ಉಳಿದು ಬಂದಿದೆ.

ಮತ್ತೆ ಪಾಠಕ್ಕೆ ಹೋದ ಮೇಲೆ ಒಂದು ಮಧ್ಯಾಹ್ನ ಗುರುಗಳೇ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡರು. ಕನ್ನಡ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಚಿತ್ರಗಳ ಹತ್ತಿರ ನಿಂತು, ಪೆನ್ಸಿಲ್ ಇಸಿದುಕೊಂಡು, ನನ್ನ ಕಡ್ಡಿ ಮನುಷ್ಯನ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ, ಬೆನ್ನಿನಿಂದ ಬೆರಳಿನ ತುದಿಗೆ ಒಂದು ಸುರುಳಿ ಗೆರೆ ಎಳೆದರು. ಏನೂ ಹೇಳಲಿಲ್ಲ. ನಾನು ಬರೆದ ಬಾಣಗಳೆಲ್ಲ ಕೈಯಲ್ಲೇ ಶುರುವಾಗಿ ಕೈಯಲ್ಲೇ ಮುಗಿಯುತ್ತಿದ್ದವು. ಅವರ ಗೆರೆ ಹಿಮ್ಮಡಿಯಿಂದ ಶುರುವಾಗಿತ್ತು. ಆಮೇಲಿನ ನನ್ನ ಚಿತ್ರಗಳೆಲ್ಲ ಹಿಮ್ಮಡಿಯಿಂದ ಶುರುವಾಗುತ್ತವೆ, ಯಾನ್ ಶೋವ್ ಗೊಂಗ್ ಚುವಾನ್ ಭಂಗಿಯ ಗುದ್ದು ಕೂಡ.

ಒಂದು ಎಚ್ಚರಿಕೆ. ಕೆಲವು ಮಾತನ್ನು ಗುರುಗಳು ನಿಮ್ಮೊಬ್ಬರಿಗೆ ಹೇಳುತ್ತಾರೆ, ತುಯಿ ಶೋವ್ ಹೊತ್ತಿನಲ್ಲಿ ಇದು ಜಾಸ್ತಿ. ಅದನ್ನು ಬರೆದುಕೊಳ್ಳಬಹುದಾ ಎಂದು ಕೇಳಿಯೇ ಬರೆಯಿರಿ, ಆ ಪುಟವನ್ನು ಎಲ್ಲೂ ಹಾಕಬೇಡಿ. ವಿಡಿಯೊಗೂ ಅನುಮತಿ ಬೇಕು. ನನ್ನ ಗುರುಗಳು ವಾರದ ಕೊನೆಗೆ ಒಂದು ಸಲ ತೆಗೆಯಲು ಬಿಡುತ್ತಿದ್ದರು. ಯಾವ ವಿಡಿಯೊ ಯಾವ ಪುಟದ್ದು ಎಂದು ನೋಟ್‌ಬುಕ್‌ನಲ್ಲಿ ಗುರುತು ಹಾಕುತ್ತಾ ಹೋದೆ.

ಅಕ್ಟೋಬರ್‌ನಲ್ಲಿ ಮೆಕ್ಕೆಜೋಳದ ಕೊಯ್ಲು ಮುಗಿದು ರಸ್ತೆ ತುಂಬ ಜೋಳ ಒಣಹಾಕಿದ್ದರು, ಹೊಲಗಳಲ್ಲಿ ಗೋಧಿ ಬಿತ್ತನೆ ಶುರುವಾಗಿತ್ತು. ಆ ಹೊತ್ತಿಗೆ ಕೊನೆಯ ಭಂಗಿಗಳಿಗೆ ಬಂದಿದ್ದೆ. ಸರಣಿ ಮುಗಿದ ದಿನ ಖುಷಿಗಿಂತ ಚಿಂತೆಯೇ ಜಾಸ್ತಿ ಇತ್ತು. ಮೊದಲಿನಿಂದ ತಿದ್ದಲು ಉಳಿದ ಸಮಯ ಬಹಳ ಕಡಿಮೆ. ಆಗ ಎಡ ಪುಟಗಳನ್ನೆಲ್ಲ ಓದಿ, ತಾರೀಕುಗಳು ಜಾಸ್ತಿ ಇರುವ ಭಂಗಿಗಳನ್ನು ಬೇರೆ ಪಟ್ಟಿ ಮಾಡಿ, ಉಳಿದ ದಿನಗಳಲ್ಲಿ ಅವನ್ನಷ್ಟೇ ತಿದ್ದಿಸಿ ಎಂದು ಗುರುಗಳನ್ನು ಕೇಳಿಕೊಂಡೆ. ಅವರು ಒಪ್ಪಿದರು. ನನಗೆ ಅಲ್ಲಿ ಸಿಕ್ಕ ಒಳ್ಳೆಯ ಪಾಠಗಳು ಆ ದಿನಗಳವು. ನಿಮ್ಮ ಕೊನೆಯ ಎರಡು ವಾರವನ್ನು ಹೊಸದು ಕಲಿಯಲು ಕೊಡಬೇಡಿ. ಎರಡನೇ ಸರಣಿ ಪಾವ್ ಚುಯಿ ಶುರು ಮಾಡಿಸೋಣವಾ ಎಂದು ಕೇಳಿದರೂ ಬೇಡ ಅನ್ನಿ.

ಹೊರಡುವ ಮೊದಲು ಎಲ್ಲ ಪುಟಗಳನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ಪೆನ್ಸಿಲ್ ಬರಹ ಮಸುಕಾಗಿ ಬಂದ ಪುಟಗಳನ್ನು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಗಾಢವಾಗಿ ಪ್ರತಿ ಮಾಡಿಸಿಕೊಂಡೆ. ಮೂಲ ನೋಟ್‌ಬುಕ್‌ಗಳು ಕೈಚೀಲದಲ್ಲೇ ಬಂದವು. ಚೆಕ್‌ಇನ್ ಸಾಮಾನಿಗೆ ಹಾಕಲು ಮನಸ್ಸು ಬರಲಿಲ್ಲ.

ಬೆಂಗಳೂರಿನಲ್ಲಿ ಈಗ ನನ್ನ ಕ್ರಮ ಹೀಗಿದೆ. ಅಭ್ಯಾಸ ಮುಗಿಸಿ ಓದುವುದಕ್ಕಿಂತ ಮೊದಲೇ ಓದುತ್ತೇನೆ. ಒಂದು ಬೆಳಿಗ್ಗೆಗೆ ಒಂದೇ ಟಿಪ್ಪಣಿ. ಇಡೀ ಸರಣಿಯನ್ನು ಆ ಒಂದರ ಮೇಲೆ ಗಮನ ಇಟ್ಟು ಮಾಡುತ್ತೇನೆ. ಎರಡು ಮೂರು ಟಿಪ್ಪಣಿ ಓದಿ ಹೋದರೆ ಯಾವುದೂ ಮೈಗೆ ಹತ್ತುವುದಿಲ್ಲ. ಓದಿದರೂ ಮೈಗೆ ತಿಳಿಯದ ಸಾಲುಗಳು ಸಿಗುತ್ತವೆ. ಅವನ್ನು ಬೇರೆ ಹಾಳೆಯಲ್ಲಿ ಬರೆದಿಡುತ್ತಾ ಬಂದಿದ್ದೇನೆ. ತಿಂಗಳಿಗೊಮ್ಮೆ ಆ ಭಂಗಿಯ ಚಿಕ್ಕ ವಿಡಿಯೊ ಮಾಡಿ ಇಮೇಲ್‌ನಲ್ಲಿ ಗೆಳತಿಗೆ ಕಳಿಸಬೇಕು, ಅವಳು ಗುರುಗಳಿಗೆ ತೋರಿಸಿ ಉತ್ತರ ಕಳಿಸುತ್ತಾಳೆ ಎಂದು ಮಾತಾಗಿದೆ.  

ಹೋಗುವುದಾದರೆ ಆಗಸ್ಟ್ ಕೊನೆಯಿಂದ ನವೆಂಬರ್ ನಡುವಿನವರೆಗಿನ ಕಾಲ ಒಳ್ಳೆಯದು. ಅಕ್ಟೋಬರ್ ಮೊದಲ ವಾರ ರಾಷ್ಟ್ರೀಯ ರಜೆ, ಆಗ ರೈಲು ಟಿಕೆಟ್ ಸಿಗುವುದು ಕಷ್ಟ. ನವೆಂಬರ್ ಕೊನೆಗೆ ಬೆಳಗಿನ ಅಂಗಳದಲ್ಲಿ ಬೆರಳು ಮರಗಟ್ಟುತ್ತದೆ, ಪೆನ್ಸಿಲ್ ಹಿಡಿಯಲು ಆಗುವುದಿಲ್ಲ. ಆ ಹೊತ್ತಿಗೂ ಅಲ್ಲೇ ಇರುವವರು ಬೆರಳ ತುದಿ ತೆರೆದಿರುವ ಕೈಗವಸು ಇಟ್ಟುಕೊಳ್ಳಿ.